ಕೊಟ್ರವ್ವನ ಕೈಗುಣ

ಮಿಷನ್ನು ಮತ್ತೆ ನಿಂತಾಗ ಬೆಳಿಗ್ಗೆ ಹತ್ತೂವರೆ. ಕೊಟ್ರವ್ವ ಪೆಡಲಿನಿಂದ ಕಾಲು ತೆಗೆದು, ಚರ್ಮವನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ ಎತ್ತಿ, ಕೈಗವಸನ್ನು ಮೆಲ್ಲಗೆ ಎಳೆದು ನೋಡಿದಳು. ಬರಲಿಲ್ಲ. ಮೇಲುಗಡೆ ಹೊಲಿಗೆ ನೆಟ್ಟಗೇ ಇತ್ತು. ಅಡಿಯಲ್ಲಿ ಮಾತ್ರ ದಾರ ಜಡೆಗಟ್ಟಿ ಚರ್ಮವನ್ನು ಕಚ್ಚಿ ಹಿಡಿದಿತ್ತು. ಆ ವಾರ ಇದು ಹದಿನಾಲ್ಕನೆಯ ಸಲವೋ ಹದಿನೈದನೆಯದೋ, ಅವಳು ಎಣಿಸುವುದನ್ನು ಬಿಟ್ಟಿದ್ದಳು.

"ನಿಂತಿತೇನು?" ಎಂದು ಅಡಿಗೆಮನೆಯ ಹಿಂಬಾಗಿಲಿನಿಂದ ಅತ್ತೆ ದ್ರಾಕ್ಷಾಯಣಮ್ಮ ಕೇಳಿದರು. ಮಿಷನ್ನು ಓಡುವ ಸದ್ದಿಗೆ ತಲೆನೋವು ಬರುತ್ತದೆ ಎನ್ನುತ್ತಿದ್ದ ಹೆಂಗಸಿಗೆ ಅದು ನಿಂತದ್ದು ಮಾತ್ರ ಎಷ್ಟು ದೂರವಿದ್ದರೂ ಕೇಳುತ್ತಿತ್ತು.

"ಕೆಳಗೆ ದಾರ ಸಿಕ್ಕಾಕ್ಕೊಂತು ರೀ."

"ದಾರ ಏನು ಮಾಡೀತು ಪಾಪ. ಹಿಡಿದ ಕೈ ಹೆಂಗೋ ಹಂಗೆ."

"ಕೈ ಸರಿಯಾಗೇ ಹಿಡಿದೀನಿ ಅತ್ತೆ. ಮಿಷನ್ನಾಗೇ ಏನೋ ಐತೆ."

"ಹೂಂ. ಕುಣಿಯಾಕೆ ಬರದೋಳು ನೆಲ ಡೊಂಕು ಅಂದ್ಳಂತೆ," ಎಂದು ಅತ್ತೆ ಒಳಗೆ ಹೋದರು. ಒಳಗಿನಿಂದ ಒಗ್ಗರಣೆ ಚಟಪಟ ಅಂದ ಸದ್ದು ಬಂತು. ಕೊಟ್ರವ್ವ ಕತ್ತರಿ ತಗೊಂಡು ದಾರವನ್ನು ಎಳೆ ಎಳೆಯಾಗಿ ಕತ್ತರಿಸುತ್ತಾ ಕೂತಳು.

ಆ ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯದು. ಮಾವ ಏಕಾಂತಪ್ಪ ಹತ್ತಿ ಗಿರಣಿಯ ನೂಲಿನ ಖಾತೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಮಗ ಬಕ್ಕೇಶ್ ಅದೇ ಗಿರಣಿಯ ಸ್ಟೋರಿನಲ್ಲಿ ಎಂಟು ವರ್ಷ ಇದ್ದವನು. ಗಿರಣಿ ಮುಚ್ಚಿತು. ಅಪ್ಪ ಪೇಪರು ಹಿಡಿದು ಕೂತರು, ಮಗ ಎರಡು ವರ್ಷ ಬರೀ ಊರು ಸುತ್ತಿದ. ದಾವಣಗೆರೆ ಜಿಲ್ಲೆಯಾಯಿತೆಂದು ಪೇಟೆಯಲ್ಲಿ ಪಟಾಕಿ ಹೊಡೆದರು, ಬಕ್ಕೇಶನಿಗೆ ಮಾತ್ರ ಕೆಲಸ ಹುಟ್ಟಲಿಲ್ಲ. ಕೊನೆಗೆ ಹರಿಹರದ ಒಂದು ಕಾರ್ಖಾನೆಯ ವೆಲ್ಡಿಂಗಿನವರಿಗೆ ಚರ್ಮದ ಕೈಗವಸು ಹೊಲಿದು ಕೊಡುವ ಆರ್ಡರು ಹಿಡಿದ. ಅಲ್ಲೇ ಮಿಷನ್ ರಿಪೇರಿ ಮಾಡುವ ರಜಾಕ್ ಸಾಬರು ಚರ್ಮ ಹೊಲಿಯುವ ಹಳೇ ಮಿಷನ್ನೊಂದನ್ನು ಸರಿಮಾಡಿ ಕೊಟ್ಟರು. ಕತ್ತರಿಸುವುದು ಗಂಡ, ಹೊಲಿಯುವುದು ಹೆಂಡತಿ ಎಂದು ತೀರ್ಮಾನವಾಯಿತು. ರಜಾಕರ ಹೆಂಡತಿ ಖತೀಜಾಬೀ ಹತ್ತಿರ ಕೊಟ್ರವ್ವ ಹದಿನೈದು ದಿನ ಬಸ್ಸಿನಲ್ಲಿ ಓಡಾಡಿ ಕೆಲಸ ಕಲಿತಳು.

ದ್ರಾಕ್ಷಾಯಣಮ್ಮ ಒಂದು ತಿಂಗಳು ಬೇಡವೆಂದೇ ಹೇಳಿದರು. "ಲಿಂಗ ಕಟ್ಟಿದ ಮನೆಯಾಗೆ ತೊಗಲು ಬ್ಯಾಡ" ಎಂದರು.

"ಕಲ್ಯಾಣದಾಗೆ ಚಪ್ಪಲಿ ಹೊಲಿದೋರು ಶರಣರಾಗ್ಲಿಲ್ಲೇನವ್ವ?" ಎಂದ ಬಕ್ಕೇಶ್.

"ಆದ್ರು. ಅವರು ಅವರ ಮನೆಯಾಗೆ ಹೊಲಿದ್ರು, ನಮ್ಮ ಮನೆಯಾಗಲ್ಲ."

ಗಂಡ ಮತ್ತು ಮಗ ಒಂದಾದ ಮೇಲೆ ಅವರ ಮಾತು ನಡೆಯಲಿಲ್ಲ. ನಡೆಯದಿದ್ದಾಗ ಷರತ್ತು ಹಾಕಿದರು. ಮಿಷನ್ನು ಹೊಸ್ತಿಲು ದಾಟಕೂಡದು, ಹಿತ್ತಿಲಿನ ಖಾಲಿ ಕೊಟ್ಟಿಗೆಯಲ್ಲೇ ಇರಬೇಕು. ಚರ್ಮ ಮುಟ್ಟಿದವಳು ತಲೆಗೆ ನೀರು ಹಾಕಿಕೊಳ್ಳದೆ ಒಲೆ ಮುಟ್ಟಕೂಡದು. ದಿನಾ ಬೆಳಿಗ್ಗೆ ತಮ್ಮ ಲಿಂಗಪೂಜೆ ಆದ ಮೇಲೆ ಮಿಷನ್ನಿನ ಮೇಲೆ ಒಂದು ಚಿಟಿಕೆ ವಿಭೂತಿ ಉದುರಿಸುತ್ತಾರೆ, ಯಾರೂ ತಕರಾರು ಮಾಡಕೂಡದು. ಯಾರೂ ಮಾಡಲಿಲ್ಲ. ವಿಭೂತಿಗೆ ಯಾರು ತಕರಾರು ಮಾಡುತ್ತಾರೆ. ಷರತ್ತಿನ ಭಾರ ಬಿದ್ದದ್ದೆಲ್ಲ ಕೊಟ್ರವ್ವನ ಮೇಲೆಯೇ. ಬೆಳಿಗ್ಗೆ ಸ್ನಾನ ಮಾಡಿ ಅಡಿಗೆ, ಆಮೇಲೆ ಹೊಲಿಗೆ, ಮಧ್ಯಾಹ್ನ ಮತ್ತೆ ಸ್ನಾನ ಮಾಡಿ ಊಟ ಬಡಿಸುವುದು, ಮತ್ತೆ ಹೊಲಿಗೆ, ಸಂಜೆ ಇನ್ನೊಂದು ಸ್ನಾನ. ಚಳಿಗಾಲವಿಡೀ ಅವಳ ಕೂದಲು ಒಣಗಲೇ ಇಲ್ಲ.

ಆದರೂ ಅವಳಿಗೆ ಮಿಷನ್ನಿನ ಮೇಲೆ ಜೀವ. ಕುಕ್ಕುವಾಡದ ರೈತರ ಮನೆಯ ಹುಡುಗಿ, ಓದಿದ್ದು ಏಳನೇ ಕ್ಲಾಸು. ಹತ್ತು ವರ್ಷದಿಂದ ಆ ಮನೆಯಲ್ಲಿ ಅವಳು ಮಾಡಿದ ಕೆಲಸ ಬೆಳಿಗ್ಗೆ ಮಾಡಿದರೆ ಸಂಜೆಗೆ ತಿಂದು ಮುಗಿಯುವಂಥದ್ದು. ಕೈಗವಸು ಹಾಗಲ್ಲ. ಜೊತೆ ಜೊತೆಯಾಗಿ ಜೋಡಿಸಿಟ್ಟರೆ ಮರುದಿನವೂ ಕಣ್ಣೆದುರಿಗೇ ಇರುತ್ತಿತ್ತು. ಏಳು ವರ್ಷದ ಮಗಳು ಕೃತಿಕಾ ಅದನ್ನು ಮೊಳಕೈ ತನಕ ಹಾಕಿಕೊಂಡು ಕರಡಿಯಾಗಿ ಅಂಗಳದಲ್ಲಿ ಓಡುತ್ತಿದ್ದಳು.

ಮೊದಲ ಎರಡು ತಿಂಗಳು ಮಿಷನ್ನು ಚೆನ್ನಾಗಿಯೇ ಓಡಿತು. ಸಂಕ್ರಾಂತಿ ಕಳೆದದ್ದೇ ಈ ರೋಗ ಹತ್ತಿತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವೈದ್ಯ. "ಸೂಜಿ ಉಲ್ಟಾ ಹಾಕಿರ್ತಾಳೆ" ಎಂದ ಬಕ್ಕೇಶ್. ಬಿಚ್ಚಿ ನೋಡಿದರೆ ಸೂಜಿ ಸರಿಯಾಗೇ ಇತ್ತು. "ಶುರು ಮಾಡುವಾಗ ದಾರದ ತುದಿ ಹಿಡ್ಕೊಳ್ಳಲ್ಲ ನೀನು" ಎಂದ. ಅವಳು ಎರಡೂ ತುದಿ ಹಿಡಿದು, ಅವನ ಕಣ್ಣೆದುರಿಗೇ ಹೊಲಿದು ತೋರಿಸಿದಳು. ನಾಲ್ಕು ಅಂಗುಲ ಹೋಗಿ ನಿಂತಿತು. ಏಕಾಂತಪ್ಪನವರು ದಾರದ ಉಂಡೆಯನ್ನು ಬೆಳಕಿಗೆ ಹಿಡಿದು, "ಇದರ ಹುರಿ ಸರಿ ಇಲ್ಲ. ನಮ್ಮ ಗಿರಣಿ ನೂಲಾಗಿದ್ರೆ..." ಎಂದು ಶುರು ಮಾಡಿದರು.

"ಅದು ನೈಲಾನ್, ಅಪ್ಪಾಜಿ."

"ಅದಕ್ಕೇ ಹಿಂಗೆ," ಎಂದು ಅವರು ಪೇಪರು ಬಿಡಿಸಿದರು.

ದ್ರಾಕ್ಷಾಯಣಮ್ಮನವರದು ಒಂದೇ ರೋಗನಿದಾನ. "ಕೈಗುಣ."

ಈ ಮಾತು ಸಣ್ಣದಲ್ಲ. ಊಟ ಕೆಟ್ಟರೆ ಉಪ್ಪು ಖಾರ ಎನ್ನಬಹುದು, ಹೊಲಿಗೆ ಕೆಟ್ಟರೆ ಕಲಿತಿಲ್ಲ ಎನ್ನಬಹುದು. ಕೈಗುಣ ಕೆಟ್ಟಿತು ಎಂದರೆ ಆ ಹೆಂಗಸು ಮುಟ್ಟಿದ್ದಕ್ಕೆಲ್ಲ ಅನುಮಾನ. ಅದರಲ್ಲೂ ಕೊಟ್ರವ್ವ ಕೈಗುಣಕ್ಕೇ ಹೆಸರಾದವಳು. ಮದುವೆಯಾಗಿ ಬಂದ ವರ್ಷದಿಂದ ಆ ಓಣಿಯ ಬೇಸಿಗೆಯ ಮೊದಲ ಹಪ್ಪಳ ಲಟ್ಟಿಸುವುದು ಅವಳೇ. ಬಾಣಂತಿಗೆ ಮೊದಲ ತುತ್ತು, ಹೊಸ ಒಲೆಗೆ ಮೊದಲ ಕಿಚ್ಚು, ಎಲ್ಲದಕ್ಕೂ ಕೊಟ್ರವ್ವನನ್ನೇ ಕರೆಯುತ್ತಿದ್ದರು. ಅವಳಿಗೆ ಆ ಊರಲ್ಲಿ ಸ್ವಂತದ್ದು ಎಂದು ಇದ್ದದ್ದು ಅದೊಂದೇ.

ಫೆಬ್ರುವರಿ ಮೊದಲ ವಾರ ರಜಾಕ್ ಸಾಬರು ಹರಿಹರದಿಂದ ಬಂದರು. ಅರ್ಧ ಗಂಟೆ ಮಿಷನ್ನಿನ ಹೊಟ್ಟೆಯೊಳಗೆ ಕೈ ಹಾಕಿ, ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ ತೊಳೆದರು. ಕೊಟ್ರವ್ವ ಚಾ ಮಾಡಿ ತರುವಷ್ಟರಲ್ಲಿ ಅವರು ಅಂಗಳದ ಕಲ್ಲಿನ ಹತ್ತಿರ ತಲೆ ತಗ್ಗಿಸಿ ನಿಂತು ದ್ರಾಕ್ಷಾಯಣಮ್ಮನಿಗೆ ಏನೋ ಹೇಳುತ್ತಿದ್ದರು. ಅವಳನ್ನು ಕಂಡು ಮಾತು ನಿಂತಿತು.

"ಏನಾಗಿತ್ತು ಸಾಬ್ರೆ?"

"ಧೂಳಮ್ಮಾ, ಧೂಳು. ಈಗ ಓಡ್ತದೆ. ಮೇಲೊಂದು ಬಟ್ಟೆ ಮುಚ್ರಿ," ಎಂದು ಅವರು ಚಾ ಕುಡಿದು, ಅತ್ತೆಯ ಮುಖ ನೋಡದೆ ಹೊರಟರು.

ಕೊಟ್ರವ್ವ ತನ್ನ ಹಳೇ ಸೀರೆ ಹರಿದು ಮಿಷನ್ನಿಗೆ ಹೊದಿಸಿದಳು. ಒಂದು ದಿನ ಓಡಿತು. ಮರುದಿನ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಬಟ್ಟೆ ಎತ್ತಿ, ವಿಭೂತಿ ಉದುರಿಸಿ, ಬಟ್ಟೆ ಮುಚ್ಚಿ ಬಂದರು. ಮಧ್ಯಾಹ್ನದ ಹೊತ್ತಿಗೆ ದಾರ ಮತ್ತೆ ಜಡೆಗಟ್ಟಿತು.

ಹಪ್ಪಳದ ದಿನ ಮೈಲಮ್ಮನ ಮನೆಯ ಮಾಳಿಗೆ ಮೇಲೆ ಆರೇಳು ಹೆಂಗಸರು ಸೇರಿದ್ದರು. ಮೈಲಮ್ಮ ಎರಡು ಮನೆ ಆಚೆಯವರು, ಓಣಿಯ ಸುದ್ದಿಯೆಲ್ಲ ಅವರ ಮನೆಗೆ ಬಂದೇ ಮುಂದೆ ಹೋಗುವುದು. ಕೊಟ್ರವ್ವ ಎಂದಿನಂತೆ ಮಣೆ ಎಳೆದುಕೊಂಡು ಮೊದಲ ಉಂಡೆಗೆ ಕೈ ಚಾಚಿದಳು.

"ನೀ ತಡಿ," ಎಂದರು ದ್ರಾಕ್ಷಾಯಣಮ್ಮ. "ಮೈಲಮ್ಮ, ಈ ವರ್ಷ ನೀನೇ ಮೊದಲು ಲಟ್ಟಿಸು. ಇವಳ ಕೈಯಾಗೆ ಕಬ್ಬಿಣದ ಮಿಷನ್ನೇ ನಿಲ್ತಾ ಐತೆ, ಹಪ್ಪಳ ಏನು ಉಳೀತದೆ."

ಹೆಂಗಸರು ನಕ್ಕರು. ಕೆಟ್ಟ ನಗುವೇನಲ್ಲ, ಅತ್ತೆ ಸೊಸೆ ಮಾತಿಗೆ ಎಲ್ಲ ಕಡೆ ನಗುವಂಥದ್ದೇ. ಕೊಟ್ರವ್ವ ಮಾತ್ರ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಒರೆಸಿಕೊಂಡಳು. ಆ ದಿನ ಅವಳಿಗೆ ಸಿಕ್ಕಿದ್ದು ಹಪ್ಪಳ ಒಣಗಿಸುವ, ಕಾಗೆ ಓಡಿಸುವ ಕೆಲಸ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ವಾರದೊಳಗೆ ಓಣಿಯಲ್ಲಿ ಒಬ್ಬರ ಹಸು ಹಾಲು ಕಡಿಮೆ ಮಾಡಿದ್ದಕ್ಕೂ, ಇನ್ನೊಬ್ಬರ ಮಜ್ಜಿಗೆ ಒಡೆದದ್ದಕ್ಕೂ ಕೊಟ್ರವ್ವ ಆ ಕಡೆ ಹಾದುಹೋದದ್ದು ನೆನಪಾಯಿತು. ಒಂದು ಸಂಜೆ ಕೃತಿಕಾ ಆಟದಿಂದ ಬಂದವಳು ಹೊಸ್ತಿಲಲ್ಲೇ ನಿಂತಳು.

"ಅವ್ವಾ, ನಿನ್ನ ಕೈ ಕೆಟ್ಟದ್ದಾ?"

"ಯಾರು ಹೇಳಿದ್ರು?"

"ಎಲ್ಲಾರೂ. ನನ್ನ ಜಡೆ ನೀನು ಹಾಕಬ್ಯಾಡ, ಅಜ್ಜಿ ಹಾಕ್ಲಿ. ಪರೀಕ್ಷೆ ಐತೆ."

ಕೊಟ್ರವ್ವ ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟು ಬಚ್ಚಲಿಗೆ ಹೋದಳು. ಅಲ್ಲಿ ಗೋಡೆಗೆ ಹಣೆ ಒತ್ತಿ ನಿಂತು ಅತ್ತಳು. ಅತ್ತೆಯ ಮಾತಿಗೆ ಅವಳು ಹತ್ತು ವರ್ಷದಲ್ಲಿ ಹೀಗೆ ಅತ್ತಿರಲಿಲ್ಲ.

ಆ ಶುಕ್ರವಾರ ಕಾರ್ಖಾನೆಯವರು ನಲವತ್ತು ಜೊತೆ ವಾಪಸು ಕಳಿಸಿದರು. ಬಕ್ಕೇಶ್ ಚೀಲವನ್ನು ಕೊಟ್ಟಿಗೆಯಲ್ಲಿ ಎಸೆದು ಊಟಕ್ಕೆ ಕೂತ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾಚಟ್ನಿ. ಎರಡು ತುತ್ತು ತಿಂದು ಹೇಳಿದ.

"ಅಡಿ ಹೊಲಿಗೆ ಎಲ್ಲ ಲೂಸ್ ಅಂತೆ. ಕೈಗೆ ಹಾಕ್ಕೊಂಡ್ರೆ ಬೆರಳು ಹೊರಗೆ ಬರ್ತಾವಂತೆ. ಸೋಮವಾರದಿಂದ ಹರಿಹರದ ಒಬ್ಬ ಟೇಲರು ಬರ್ತಾನೆ. ನೀನು ಇನ್ನ ಕೂರೋದು ಬ್ಯಾಡ."

"ಟೇಲರ್ ಬಂದ್ರೂ ದಾರ ಸಿಕ್ಕಾಕ್ಕೊಂಡ್ರೆ?"

"ಅವನು ಗಂಡಸು. ನೋಡ್ಕೊಂತಾನೆ."

"ಮಿಷನ್ಗೆ ಗಂಡಸು ಹೆಂಗಸು ಅಂತ ಗೊತ್ತಾಗ್ತದಾ?"

"ಗೊತ್ತಾಗ್ತದೋ ಇಲ್ವೋ," ಎಂದರು ದ್ರಾಕ್ಷಾಯಣಮ್ಮ, ರೊಟ್ಟಿ ಮುರಿಯುತ್ತಾ, "ಮನೆಗೆ ಗೊತ್ತಾಗ್ತದೆ. ಆ ಮಿಷನ್ ಬಂದಾಗಿಂದ ಈ ಮನೆಯಾಗೆ ಒಂದು ದಿನ ನೆಟ್ಟಗಿಲ್ಲ. ಕೈಗೂ ಬರಕತ್ತಿಲ್ಲ, ಮಿಷನ್ನಿಗೂ ಬರಕತ್ತಿಲ್ಲ. ಎರಡನ್ನೂ ಎತ್ತಿ ಹೊರಗೆ ಹಾಕಿದ್ರೆ ಸರಿ."

ಏಕಾಂತಪ್ಪ ಪಲ್ಯ ಕೇಳಿದರು. ಕೊಟ್ರವ್ವ ಬಡಿಸಿದಳು. ತನ್ನ ಪರವಾಗಿ ಒಂದು ಮಾತು ಬರುತ್ತದೇನೋ ಎಂದು ಗಂಡನ ಮುಖ ನೋಡಿದಳು. ಅವನು ಚಟ್ನಿಗೆ ಮೊಸರು ಕಲಸುತ್ತಿದ್ದ.

ಶನಿವಾರ ಬೆಳಿಗ್ಗೆ ಅವಳು ಮಿಷನ್ನಿನ ಅಡಿದಾರ ಸುತ್ತಿಡುವ ಬಾಬಿನ್ನಿನ ಡಬ್ಬಿ ಬಿಚ್ಚಿ, ಜಡೆಗಟ್ಟಿದ ದಾರದ ಸಮೇತ ಕರವಸ್ತ್ರದಲ್ಲಿ ಕಟ್ಟಿಕೊಂಡಳು. "ಎಲ್ಲಿಗೆ?" ಎಂದರು ಅತ್ತೆ. "ಹರಿಹರಕ್ಕೆ" ಎಂದಳು. "ಮಧ್ಯಾಹ್ನದ ಅಡಿಗೆ?" ಎಂದರು. ಆ ಪ್ರಶ್ನೆ ಮುಗಿಯುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಊರು ಬರುವ ತನಕ ಅವಳು ಗಂಟನ್ನು ಎದೆಗೆ ಒತ್ತಿ ಹಿಡಿದು ನಿಂತೇ ಇದ್ದಳು.

ಖತೀಜಾಬೀ ಮನೆಯ ಪಡಸಾಲೆಯಲ್ಲಿ ಮೂರು ಮಿಷನ್ನು. ಅವರು ಕನ್ನಡಕ ಏರಿಸಿ, ಡಬ್ಬಿಯನ್ನು ಬೆಳಕಿಗೆ ಹಿಡಿದು, ಸೂಜಿಯ ತುದಿಯಿಂದ ಅದರ ತಗಡಿನ ಅಡಿಯನ್ನು ಕೆರೆದರು. ಬೂದು ಬಣ್ಣದ ಗಟ್ಟಿ ಹೆಕ್ಕಳಿಕೆ ಉದುರಿತು.

"ಇದು ಚರ್ಮದ ಧೂಳು ಅಲ್ವಾ ಖಾಲಾ? ಚರ್ಮ ಬೂದಿ ಬಣ್ಣದ್ದೇ ಐತೆ," ಎಂದಳು ಕೊಟ್ರವ್ವ.

"ಚರ್ಮದ ಧೂಳು ಹತ್ತಿ ಥರ ಇರ್ತದೆ, ಊದಿದ್ರೆ ಹಾರ್ತದೆ. ಇದು ಎಣ್ಣೆ ಕುಡಿದು ಸಿಮೆಂಟ್ ಆಗೈತೆ. ಬೆರಳಾಗೆ ತಿಕ್ಕು. ಮೂಸು."

ಕೊಟ್ರವ್ವ ತಿಕ್ಕಿದಳು, ಮೂಸಿದಳು. ಮಿಷನ್ ಎಣ್ಣೆಯ ವಾಸನೆಯ ಹಿಂದೆ ದಿನಾ ಹಣೆಗೆ ಹಚ್ಚಿಕೊಳ್ಳುವ ವಿಭೂತಿಯ ವಾಸನೆ ಇತ್ತು.

ಖತೀಜಾಬೀ ಕನ್ನಡಕ ತೆಗೆದರು. "ಇನ್ನೂ ಹಾಕ್ತಾರೇನು ನಿಮ್ಮತ್ತೆ? ನಮ್ಮೋರು ಅವತ್ತೇ ಹೇಳಿ ಬಂದ್ರಲ್ಲ."

"ಯಾರಿಗೆ?"

"ನಿಮ್ಮತ್ತೆಗೇ. ಅಮ್ಮಾ, ಬೂದಿ ಒಳಗೆ ಇಳಿದು ದಾರ ಹಿಡೀತದೆ, ಬೇಕಾದ್ರೆ ಗೋಡೆಗೆ ಹಚ್ರಿ, ಮಿಷನ್ಗೆ ಬ್ಯಾಡ ಅಂತ. ನಿಮ್ಮ ದೇವರ ಬೂದಿ, ಎಲ್ಲರ ಮುಂದೆ ನಾವ್ ಹೆಂಗೆ ಹೇಳೋದು? ಒಂದು ಮಾತು ಹೋಗಿ ಒಂದಾಗ್ತದೆ. ದೊಡ್ಡೋರಿಗೆ ಒಬ್ಬರಿಗೇ ಹೇಳಿದ್ರೆ ಅವರ ಮರ್ಯಾದೆನೂ ಉಳೀತದೆ ಅಂತ ಹಂಗೆ ಮಾಡಿದ್ರು. ಅವರು ಹೂಂ ಅಂದಿದ್ರಂತೆ."

ಕೊಟ್ರವ್ವ ಲೆಕ್ಕ ಹಾಕಿದಳು. ರಜಾಕ್ ಬಂದು ಹೋಗಿ ಇಪ್ಪತ್ತು ದಿನ. ಹಪ್ಪಳದ ದಿನ ಅದಾದ ಮೇಲೆ. ಮಗಳ ಜಡೆ ಅದಾದ ಮೇಲೆ. ಆಗಲೇ ಅವಳಿಗೆ ಇನ್ನೊಂದು ವಿಷಯವೂ ಹೊಳೆಯಿತು: ಮೊದಲು ಮಠದಿಂದ ತಂದ ವಿಭೂತಿ ಗಟ್ಟಿ ಮೂರು ತಿಂಗಳು ಬರುತ್ತಿತ್ತು, ಈ ತಿಂಗಳು ಎರಡು ಗಟ್ಟಿ ಮುಗಿದಿದ್ದವು. ಸಿಟ್ಟಿನಿಂದ ಅವಳು ಡಬ್ಬಿಯನ್ನೂ ಪುಡಿಯನ್ನೂ ಕರವಸ್ತ್ರದಲ್ಲಿ ಕಟ್ಟಿ ಎದ್ದಳು. ಖತೀಜಾಬೀ ಕೊಟ್ಟ ಚಹಾ ತಟ್ಟೆಗೆ ಚೆಲ್ಲಿತು.

"ಕೈಯಾಗೆ ಏನೂ ಇಲ್ಲ ನಿಂದು," ಎಂದರು ಖತೀಜಾಬೀ. "ನಾನು ಕಲಿಸಿದೀನಿ, ನನಗೆ ಗೊತ್ತು. ಮೊದಲು ಉಣ್ಣು, ಆಮೇಲೆ ಜಗಳ ಮಾಡೀಯಂತೆ."

ಊರಿಗೆ ಬಂದು ಅವಳು ಕೊಟ್ಟಿಗೆಗೂ ಹೋಗಲಿಲ್ಲ, ಬಚ್ಚಲಿಗೂ ಹೋಗಲಿಲ್ಲ. ನೇರವಾಗಿ ನಡುಮನೆಗೆ ಬಂದು, ಸಂಜೆಯ ಮಂಡಕ್ಕಿ ತಿನ್ನುತ್ತಾ ಕೂತಿದ್ದ ಮೂವರ ನಡುವೆ ಕರವಸ್ತ್ರ ಬಿಚ್ಚಿದಳು.

"ಅತ್ತೆ, ರಜಾಕ್ ಸಾಬ್ರು ನಿಮಗೆ ಏನು ಹೇಳಿದ್ರು?"

ದ್ರಾಕ್ಷಾಯಣಮ್ಮ ಬೂದು ಪುಡಿಯನ್ನು ನೋಡಿದರು. ಸುಳ್ಳು ಹೇಳಬಹುದಿತ್ತು. ಆದರೆ ಆ ಹೆಂಗಸಿನ ಜಾತಿಯೇ ಬೇರೆ, ಸಿಕ್ಕಿಬಿದ್ದರೆ ತಲೆ ತಗ್ಗಿಸುವ ಬದಲು ತಲೆ ಎತ್ತುವ ಜಾತಿ.

"ವಿಭೂತಿ ಹಾಕಬ್ಯಾಡ್ರಿ ಅಂದ. ಏನಾತು ಈಗ?"

ಬಕ್ಕೇಶನ ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿ ಹಾಗೇ ನಿಂತಿತು. "ಅವ್ವಾ, ಗೊತ್ತಿದ್ದೂ ಹಾಕಿದೇನು?"

"ಹಾಕಿದೆ. ತೊಗಲು ಬ್ಯಾಡ ಅಂತ ತಿಂಗಳುಗಟ್ಟಲೆ ಬಾಯಿ ಬಡ್ಕೊಂಡೆ, ಯಾರು ಕೇಳಿದ್ರಿ? ನಿಜಲಿಂಗಪ್ಪ ಬಡಾವಣೆಯಿಂದ ನಮ್ಮಕ್ಕ ಮರುಳಸಿದ್ದಮ್ಮ ಬಂದೋಳು ಈ ಮನೆಯಾಗೆ ನೀರು ಮುಟ್ಟದೆ ಎದ್ದು ಹೋದ್ಲು. ಅವತ್ತು ನನ್ನ ಮುಖ ಯಾರು ನೋಡಿದ್ರಿ? ನನ್ನ ಮಾತು ನಡೀಲಿಲ್ಲ, ವಿಭೂತಿ ಮಾತಾದ್ರೂ ನಡೀಲಿ ಅಂತ ಹಾಕಿದೆ."

"ಮಿಷನ್ ನಿಲ್ಸಿದ್ರಿ, ಸರಿ," ಎಂದಳು ಕೊಟ್ರವ್ವ. "ನನ್ನ ಕೈ ಯಾಕ ಕೆಡಿಸಿದ್ರಿ? ಆರು ಜನರ ಮುಂದೆ ಯಾಕ ಅಂದ್ರಿ? ಮಗಳು ನನ್ನ ಕೈಲಿ ತಲೆ ಬಾಚಿಸ್ಕೊಳ್ಳಲ್ಲ."

"ಮಾತಿಗೆ ಅಂದೆ" ಎಂದು ಅತ್ತೆ ಮಂಡಕ್ಕಿ ಬಾಯಿಗೆ ಹಾಕಿಕೊಂಡರು.

ಬಕ್ಕೇಶ್ ಸ್ವಲ್ಪ ಹೊತ್ತು ಕೂಗಾಡಿದ. ಕಾರ್ಖಾನೆ, ನಲವತ್ತು ಜೊತೆ, ತನ್ನ ಹೆಸರು, ಎಲ್ಲ ಬಂತು. ಕೊನೆಗೆ ಅವನೇ ತೀರ್ಪು ಕೊಟ್ಟ. "ಆತು ಬಿಡು. ಟೇಲರ್ ಬ್ಯಾಡ, ನೀನೇ ಕೂರು. ಅವ್ವ ಇನ್ನ ವಿಭೂತಿ ಹಾಕಲ್ಲ. ಈ ವಿಷಯ ಗೇಟಿನಾಚೆ ಹೋಗೋದು ಬ್ಯಾಡ. ವಿಭೂತಿ ಹಾಕಿ ಮಿಷನ್ ಕೆಡಿಸಿದ್ರು ಅಂದ್ರೆ ಜನ ನಗ್ತಾರೆ."

"ನನ್ನ ಕೈ ಕೆಟ್ಟೈತೆ ಅಂತ ಜನ ತಿಳ್ಕೊಂಡಾರಲ್ಲ, ಅದು?"

"ನಿಧಾನಕ್ಕೆ ಮರೀತಾರೆ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ವಂತೆ. ಹೇಳಿದ ಬಾಯಿಂದಲೇ ಅತ್ತೆ ಹೇಳ್ಲಿ. ಮೈಲಮ್ಮನ ಮುಂದೆ ಒಬ್ಬರ ಮುಂದೆ ಹೇಳಿದ್ರೆ ಸಾಕು, ಉಳಿದೋರಿಗೆ ಅವರೇ ಹೇಳ್ತಾರೆ."

"ನನ್ನ ಹೆಣ ಹೇಳ್ತದೆ," ಎಂದರು ದ್ರಾಕ್ಷಾಯಣಮ್ಮ.

"ಹಂಗಾದ್ರೆ ಕೆಟ್ಟ ಕೈಲಿ ಮಾಡಿದ ಅನ್ನ ನೀವು ಉಣ್ಣಬ್ಯಾಡ್ರಿ. ನಾನು ಹೊಲೀತೀನಿ, ಒಲೆ ಹಚ್ಚಲ್ಲ."

ಇದು ಸಿಟ್ಟಿನ ಮಾತು, ಬೆಳಗಾದರೆ ಇಳಿಯುತ್ತದೆ ಎಂದು ಮೂವರೂ ತಿಳಿದರು. ಬೆಳಗಾಯಿತು. ಕೊಟ್ರವ್ವ ಮಗಳಿಗೆ ನಾಲ್ಕು ಬಾಳೆಹಣ್ಣು, ಒಂದು ಬನ್ನು ಕೊಟ್ಟು, ಮಿಷನ್ನಿನ ಪೂರ್ತಿ ಹೊಟ್ಟೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಬಿಟ್ಟು ಕೂತಳು. ಮಿಷನ್ನು ತಡೆಯಿಲ್ಲದೆ ಓಡಿತು. ನಲವತ್ತು ಜೊತೆ ಬಿಚ್ಚಿ ಮತ್ತೆ ಹೊಲಿದಳು. ಅಡಿಗೆಮನೆಯಲ್ಲಿ ದ್ರಾಕ್ಷಾಯಣಮ್ಮ ಮಂಡಿ ಹಿಡಿದುಕೊಂಡು ಏಳುತ್ತಾ ಕೂರುತ್ತಾ ಅನ್ನ ಸಾರು ಮಾಡಿದರು. ಎರಡನೆಯ ದಿನ ಮಂಡಿ ಬಾತು ಏಳಲಾಗಲಿಲ್ಲ. ಬಕ್ಕೇಶ್ ಹೋಟೆಲಿನಿಂದ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದ. ಮೂರನೆಯ ದಿನವೂ ತಂದ. ಏಕಾಂತಪ್ಪನವರಿಗೆ ಹೊಟ್ಟೆ ಕೆಟ್ಟಿತು.

"ನಾಚಿಕೆ ಆಗಲ್ವೇನೆ ನಿನಗೆ?" ಎಂದು ಗಂಡ ಕೊಟ್ಟಿಗೆಗೆ ಬಂದು ಕೇಳಿದ. "ಅವ್ವ ಕಾಲು ಬಾತ್ಕೊಂಡು ಕೂತಾಳೆ."

"ಬಾಯಿ ಬಾತಿಲ್ಲಲ್ಲ. ಒಂದು ಮಾತು ಹೇಳೋಕೆ ಕಾಲು ಯಾಕ ಬೇಕು?"

"ಕುಕ್ಕುವಾಡಕ್ಕೆ ಬಿಟ್ಟು ಬರ್ತೀನಿ ನಿನ್ನ."

"ಬಿಡ್ರಿ. ಹೊಸ ಆರ್ಡರಿನ ಈ ಅರವತ್ತು ಜೊತೆ ಯಾರು ಹೊಲೀತಾರೆ?"

ಅವನು ಚರ್ಮದ ಕಟ್ಟಿಗೆ ಒಂದು ಒದೆ ಕೊಟ್ಟು ಹೋದ. ಅವಳಿಗೆ ಒಳಗೊಳಗೆ ಹೆದರಿಕೆ ಇತ್ತು. ನಿಜವಾಗಿ ಬಿಟ್ಟು ಬಂದರೆ ಅಪ್ಪನಿಗೆ ಏನು ಹೇಳುವುದು, ಕೃತಿಕಾಳ ಪರೀಕ್ಷೆಗೆ ಏನು ಮಾಡುವುದು ಎಂದು ಯೋಚಿಸಿದಳು. ಆದರೂ ಕಾಲು ಪೆಡಲಿನಿಂದ ಇಳಿಯಲಿಲ್ಲ.

ನಾಲ್ಕನೆಯ ದಿನ ದೋಸೆ ಬೇಡವೆಂದು ಏಕಾಂತಪ್ಪನವರೇ ರೊಟ್ಟಿ ಬಡಿಯಲು ಕೂತರು. ಪಂಚೆಗೆ, ಮೀಸೆಗೆ, ಕನ್ನಡಕಕ್ಕೆ ಹಿಟ್ಟು. ರೊಟ್ಟಿ ಒಂದು ಕಡೆ ಹರಿದು ಇನ್ನೊಂದು ಕಡೆ ಸೀಯುತ್ತಿತ್ತು. ದ್ರಾಕ್ಷಾಯಣಮ್ಮ ಪಕ್ಕದಲ್ಲಿ ಕಾಲು ಚಾಚಿ ಕೂತು, ನೀರು ಹಾಕ್ರಿ, ಉರಿ ಸಣ್ಣ ಮಾಡ್ರಿ ಎನ್ನುತ್ತಿದ್ದರು. ಆಗ ಮೈಲಮ್ಮ ಕುಂಕುಮದ ಬಟ್ಟಲು ಹಿಡಿದು, ಕರೆಯದೆ ಒಳಗೆ ಬಂದರು. ಮರುದಿನ ಗುರುವಾರ ಅವರ ಮಗಳ ಸೀಮಂತ.

ಕೊಟ್ರವ್ವನಿಗೆ ಕೊಟ್ಟಿಗೆಯಿಂದ ಹಿಂಬಾಗಿಲಿನ ಮೂಲಕ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ನೀವು ಯಜಮಾನ್ರು ಇಬ್ರೂ ಬರ್ರಿ. ಕೊಟ್ರವ್ವ ಮನೆ ನೋಡ್ಕೊಳ್ಳಲಿ," ಎಂದವರು ಒಲೆಯ ಕಡೆ ತಿರುಗಿ ಬಾಯಿ ಬಿಟ್ಟುಕೊಂಡು ನಿಂತರು. "ಅಯ್ಯ ಶಿವನೇ. ಏಕಾಂತಪ್ಪನೋರು ರೊಟ್ಟಿ ಬಡೀತಾರಾ? ಸೊಸಿ ಎಲ್ಲಿ?"

"ಅವಳಿಗೆ ಮೈ ಹುಷಾರಿಲ್ಲ," ಎಂದರು ದ್ರಾಕ್ಷಾಯಣಮ್ಮ.

ಕೊಟ್ರವ್ವ ಪೆಡಲನ್ನು ಜೋರಾಗಿ ತುಳಿದಳು. ಮಿಷನ್ನಿನ ಸದ್ದು ಅಡಿಗೆಮನೆಯ ಪಾತ್ರೆಗಳವರೆಗೂ ಹೋಯಿತು.

"ಮಿಷನ್ ಹೊಡೀತಾ ಇದಾಳಲ್ರಿ," ಎಂದರು ಮೈಲಮ್ಮ.

"ಕೈ ನೋವು. ಕಾಲಿಗೇನಾಗಿಲ್ಲ."

ಏಕಾಂತಪ್ಪ ಕೈಯ ಹಿಟ್ಟು ಕೊಡವಿ, ಕನ್ನಡಕ ತೆಗೆದು ಒರೆಸಿಕೊಂಡರು. ಮನೆಯಲ್ಲಿ ಇಷ್ಟು ದಿನ ಪೇಪರಿನ ಹಿಂದೆಯೇ ಇದ್ದ ಮನುಷ್ಯ ಅಂದು ಹೆಂಡತಿಯ ಮುಖ ನೋಡಿ ಹೇಳಿದರು.

"ಹೇಳಿಬಿಡು ಇವಳೇ. ಮೂವತ್ತೊಂದು ವರ್ಷ ಗಿರಣಿಯಾಗೆ ಯಾರ ಕೈಲೂ ಅನ್ನಿಸ್ಕೊಳ್ಳದೋನು ನಾನು. ಈ ವಯಸ್ಸಿನಾಗೆ ನನಗೆ ರೊಟ್ಟಿ ಬಡಿಯೋ ಏಕಾಂತಪ್ಪ ಅನ್ನೋ ಹೆಸರು ಬ್ಯಾಡ."

ಮೈಲಮ್ಮ ಕುಂಕುಮದ ಬಟ್ಟಲು ಕೆಳಗಿಟ್ಟು ಕೂತರು. ಸುದ್ದಿಯ ವಾಸನೆ ಹತ್ತಿದ ಮೇಲೆ ಅವರನ್ನು ಎಬ್ಬಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ದ್ರಾಕ್ಷಾಯಣಮ್ಮ ಗಂಡನನ್ನು ನೋಡಿದರು, ಅವರ ಹಿಟ್ಟಿನ ಮೀಸೆ ನೋಡಿದರು, ಆಮೇಲೆ ಹಿಂಬಾಗಿಲ ಕಡೆ ತಿರುಗಿ, ಕೊಟ್ಟಿಗೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಕೇಳು ಮೈಲಮ್ಮ. ಆ ಮಿಷನ್ನಿಗೆ ವಿಭೂತಿ ಹಾಕಿ ಕೆಡಿಸಿದ್ದು ನಾನು. ಗೊತ್ತಿದ್ದೇ ಹಾಕಿದ್ದು. ಇವಳ ಕೈ ಚಲೋ ಐತೆ, ಮೊದಲಿಂದ್ಲೂ ಚಲೋ ಐತೆ. ಬಾಯಿ ಮಾತ್ರ ಸುಡುಗಾಡು. ಇದನ್ನೂ ಸೇರಿಸಿ ಹೇಳು ಓಣಿಯಾಗೆ."

ಮಿಷನ್ನು ನಿಂತಿತು. ಈ ಸಲ ದಾರ ಸಿಕ್ಕಿರಲಿಲ್ಲ. ಕೊಟ್ರವ್ವ ಕೈಗವಸಿನ ದಾರ ಕತ್ತರಿಸಿ, ಜೊತೆಯ ಮೇಲೆ ಇಟ್ಟು, ಹಿಂಬಾಗಿಲಿಗೆ ಬಂದು ನಿಂತಳು.

"ಮೈಲಮ್ಮನೋರೆ, ನಾಳೆ ನಾನು ಎಷ್ಟು ಗಂಟೆಗೆ ಬರ್ಲಿ?"

ಮೈಲಮ್ಮ ಅತ್ತೆಯನ್ನು ನೋಡಿದರು. ಅತ್ತೆ ಗೋಡೆ ನೋಡಿದರು.

"ಹತ್ತಕ್ಕೆ ಬಾರಮ್ಮ," ಎಂದರು ಮೈಲಮ್ಮ, ಬಟ್ಟಲು ಎತ್ತಿ ಅವಳ ಹಣೆಗೆ ಕುಂಕುಮ ಇಡುತ್ತಾ.

ಕೊಟ್ರವ್ವನಿಗೆ ಅಳು ಬರಲಿಲ್ಲ. ಗೆದ್ದೆನೆಂಬ ಸಂತೋಷವೂ ಆಗಲಿಲ್ಲ, ಅತ್ತೆಯ ಮೇಲಿನ ಸಿಟ್ಟೂ ಇಳಿದಿರಲಿಲ್ಲ. ನಾಲ್ಕು ದಿನದಿಂದ ತಾನೂ ನೆಟ್ಟಗೆ ಉಂಡಿಲ್ಲ ಎನ್ನುವುದು ಮಾತ್ರ ಆಗ ಗೊತ್ತಾಯಿತು. "ಏಳ್ರಿ ಮಾವ, ಹಿಟ್ಟು ಹಾಳು ಮಾಡಬ್ಯಾಡ್ರಿ," ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.